ಮನೆ ಫಲಾನುಭವಿಗಳ ಪಟ್ಟಿ ‘ವೈಯಕ್ತಿಕ ಮಾಹಿತಿ’ ಅಂತ ಕೊಡದಿದ್ದರೆ

ಸರ್ಕಾರಿ ಮನೆ ಯೋಜನೆಯ ಫಲಾನುಭವಿಗಳ ಪಟ್ಟಿ ಕೇಳಿ ನೀವು ಹಾಕಿದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯನ್ನು ಪಂಚಾಯಿತಿಯವರು ತಿರಸ್ಕರಿಸಿದ್ದರೆ, ಅದು ಬಹುಶಃ ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ ಅನ್ನೋ ವಿನಾಯಿತಿ ಹಿಡಿದುಕೊಂಡು. 2023ರ ಡೇಟಾ ರಕ್ಷಣೆ ಕಾಯ್ದೆ ಅದನ್ನು ತಿದ್ದಿ ಬಿಗಿ ಮಾಡಿದೆ. ಈಗ ಎಲ್ಲದಕ್ಕೂ ಅದೇ ನೆಪ, ಬಿಡಿ. ಆದರೆ ಅದೇ ಆರ್‌ಟಿಐ ಕಾಯ್ದೆಯ ಸೆಕ್ಷನ್ 4(1)(ಬಿ) ಪ್ರಕಾರ ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು.

ಹಿಂಬರಹ (ತಿರಸ್ಕರಿಸಿ ಕೊಟ್ಟ ಪತ್ರ) ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದರಲ್ಲಿ ಈ 4(1)(ಬಿ) ಮಾತನ್ನೇ ಬರೆಯಿರಿ, ಜೊತೆಗೆ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನೋ ಸೆಕ್ಷನ್ 8(2) ಸೇರಿಸಿ. ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಬೇಡ, ಸೆಕ್ಷನ್ 10ರಡಿ ಅವನ್ನು ಅಳಿಸಿ ಉಳಿದದ್ದು ಕೊಡಿ ಅಂತ ನೀವೇ ಹೇಳಿಬಿಡಿ. ನನಗೆ ಪಟ್ಟಿ ಸಿಕ್ಕಿದ್ದು ಈ ಒಂದು ಸಾಲಿನಿಂದ. ನಿಮಗೂ ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಿ.