ಪಂಚಾಂಗ ನೋಡಿ ಕಾಟೇಜ್ ಹಿಡಿಯಿರಿ: ವೇಲ್ಸ್ ಕಡಲತೀರದ ರಜೆ, ಓದುಗರ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರೂ ಬೇಸಿಗೆಗೆ ಮಕ್ಕಳ ಮನೆಗೆ ಹೊರಟ ಹಿರಿಯರೂ ಕಳಿಸಿದ ಪ್ರಶ್ನೆಗಳಲ್ಲಿ ವೇಲ್ಸ್‌ನ ಪಶ್ಚಿಮ ಕರಾವಳಿಗೆ ಸೇರಿದವನ್ನು ಈ ಸಲ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಪೆಂಬ್ರೋಕ್‌ಶೈರ್ ಮತ್ತು ಅದರ ಮೇಲಿನ ಕೆರೆಡಿಗ್ಯೋನ್ ತೀರದ ಬಗ್ಗೆ.

ಪ್ರಶ್ನೆ: ಮಕ್ಕಳಿಗೆ ಎಂಟು ಮತ್ತು ಐದು ವರ್ಷ. ಆಗಸ್ಟ್‌ನಲ್ಲಿ ಟೆನ್‌ಬಿ ಹತ್ತಿರ ಒಂದು ವಾರ ಇರಬೇಕೆಂದಿದ್ದೇವೆ. ಮಳೆ ಕಾಟ ಇಲ್ಲದ ವಾರ ಯಾವುದು? (ಮಿಲ್ಟನ್ ಕೀನ್ಸ್)

ಉತ್ತರ: ಅಂಥ ವಾರವನ್ನು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಬೆಳಿಗ್ಗೆ ಸೋನೆ, ಹನ್ನೊಂದಕ್ಕೆ ಬಿಸಿಲು, ನಾಲ್ಕಕ್ಕೆ ಮತ್ತೆ ಮೋಡ ಎಂಬುದು ಅಲ್ಲಿ ಮಾಮೂಲು. ಆದರೆ ಸಮುದ್ರ ಯಾವ ದಿನ ಯಾವ ಹೊತ್ತಿಗೆ ಎಷ್ಟು ಹಿಂದೆ ಸರಿಯುತ್ತದೆ ಎಂಬುದು ವರ್ಷದ ಮೊದಲೇ ಗೊತ್ತಿರುತ್ತದೆ. ವಾರ ಆರಿಸುವುದಾದರೆ ಅದನ್ನು ನೋಡಿ ಆರಿಸಿ.

ಅದಕ್ಕೆ ಮನೆಯಲ್ಲಿರುವ ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಉಬ್ಬರವೂ ಜೋರು, ಇಳಿತವೂ ಜೋರು. ಟೆನ್‌ಬಿ ಕಡೆ ಆ ದಿನಗಳಲ್ಲಿ ಪೂರ್ತಿ ಇಳಿತ ಬೀಳುವುದು ಮಧ್ಯಾಹ್ನ 1ರಿಂದ 2.30ರ ನಡುವೆ. ಮಕ್ಕಳು ಎಚ್ಚರವಾಗಿರುವ ಹೊತ್ತಿನಲ್ಲೇ ಮೈದಾನದಷ್ಟು ಮರಳು ತೆರೆದುಕೊಳ್ಳುತ್ತದೆ, ಬಂಡೆಗಳ ನಡುವೆ ಉಳಿದ ನೀರಿನ ಗುಂಡಿಗಳಲ್ಲಿ ಸೀಗಡಿ, ಸಮುದ್ರ ಹೂ ಎನ್ನುವ ಹೂವಿನಂಥ ಜೀವಿ (ಸೀ ಅನಿಮೋನ್), ಸಣ್ಣ ಏಡಿ ಸಿಗುತ್ತವೆ, ಟೆನ್‌ಬಿಯ ಸೇಂಟ್ ಕ್ಯಾಥರಿನ್ಸ್ ದ್ವೀಪದ ಬುಡಕ್ಕೆ ನಡೆದೇ ಹೋಗಬಹುದು. ಅಷ್ಟಮಿ-ನವಮಿಯ ಆಸುಪಾಸಿನಲ್ಲಿ ಇದರ ತಿರುವುಮುರುವು: ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ನಡುಮಧ್ಯಾಹ್ನಕ್ಕೆ ಬಂದರು ತುಂಬಿರುತ್ತದೆ. ಅದು ಏಡಿ ಹಿಡಿಯುವುದಕ್ಕೆ ಒಳ್ಳೆಯ ವಾರ. ಕಾಟೇಜುಗಳನ್ನು ಆಗಸ್ಟ್‌ನಲ್ಲಿ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುವುದರಿಂದ ಹುಣ್ಣಿಮೆ ಶನಿವಾರ-ಭಾನುವಾರ ಬರುವ ವಾರ ಹಿಡಿದರೆ ಎರಡರ ರುಚಿಯೂ ಸಿಗುತ್ತದೆ. ಕೆರೆಡಿಗ್ಯೋನ್ ಕಡೆ ಹೋದರೆ ಈ ಹೊತ್ತುಗಳಿಗೆ ಒಂದೂವರೆ-ಎರಡು ಗಂಟೆ ಸೇರಿಸಿಕೊಳ್ಳಿ.

ಪ್ರಶ್ನೆ: ಹೋದ ವರ್ಷ ನೀರಿನಿಂದ ದೂರ, ಒಣ ಮರಳಿನ ಮೇಲೆ ಚಾಪೆ ಹಾಸಿದ್ದೆವು. ಊಟ ಮುಗಿಸಿ ತಲೆ ಎತ್ತುವಷ್ಟರಲ್ಲಿ ಚೀಲಗಳು ತೇಲುತ್ತಿದ್ದವು. ಅಷ್ಟು ಬೇಗ ಏರುತ್ತದೆಯೆ? (ರೆಡಿಂಗ್)

ಉತ್ತರ: ಏರುತ್ತದೆ. ಮಂಗಳೂರು-ಕಾರವಾರದ ತೀರದಲ್ಲಿ ಉಬ್ಬರ-ಇಳಿತಗಳ ನಡುವಿನ ಅಂತರ ಒಂದೂವರೆ-ಎರಡು ಮೀಟರ್ ಆಸುಪಾಸು. ಟೆನ್‌ಬಿಯಲ್ಲಿ ಹುಣ್ಣಿಮೆ ಹೊತ್ತಿಗೆ ಅದು ಏಳೂವರೆ ಮೀಟರ್, ಅಂದರೆ ಎರಡಂತಸ್ತಿನ ಮನೆಯ ಎತ್ತರ. ಅಲ್ಲಿಂದ ಪೂರ್ವಕ್ಕೆ, ಬ್ರಿಸ್ಟಲ್ ಕಾಲುವೆ ಕಿರಿದಾಗುತ್ತ ಹೋದಂತೆ ನೀರಿಗೆ ಅಗಲವಾಗಲು ಜಾಗವಿಲ್ಲದೆ ಇನ್ನೂ ಮೇಲೇರುತ್ತದೆ.

ಏರುವ ಆರು ಗಂಟೆಯಲ್ಲಿ ವೇಗ ಒಂದೇ ಸಮ ಇರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ ತಲಾ 3, ಆಮೇಲೆ 2, ಕೊನೆಗೆ 1. ಮೊದಲ ಗಂಟೆಯ ನಿಧಾನ ನೋಡಿ ಧೈರ್ಯವಾಗಿ ಚಾಪೆ ಹಾಸುತ್ತೇವೆ. ಊಟಕ್ಕೆ ಕೂತಾಗ ಮೂರನೆಯ ಗಂಟೆ ಶುರುವಾಗಿರುತ್ತದೆ. ಏಳೂವರೆ ಮೀಟರಿನಲ್ಲಿ ಮೂರು ಪಾಲೆಂದರೆ ಹೆಚ್ಚುಕಡಿಮೆ 1.9 ಮೀಟರ್. 50 ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಮರಳಿನ ಮೇಲೆ ಅಷ್ಟು ಏರಿದರೆ ಒಂದೇ ಗಂಟೆಯಲ್ಲಿ ನೀರಿನಂಚು 90 ಮೀಟರಿಗೂ ಹೆಚ್ಚು ಮುಂದೆ ಬರುತ್ತದೆ.

ಒಣ ಮರಳೆಂಬುದು ಗುರುತಲ್ಲ, ಬಿಸಿಲಿಗೆ ಯಾವುದೂ ಒಣಗುತ್ತದೆ. ಕಡಲಕಳೆ, ಕಟ್ಟಿಗೆ ಚೂರು ಸಾಲಾಗಿ ಬಿದ್ದಿರುವ ಗೆರೆ ಹುಡುಕಿ, ಅದರ ಮೇಲ್ಭಾಗದಲ್ಲಿ ಕೂರಿ. ಉಬ್ಬರದ ಪಟ್ಟಿ ಸಣ್ಣ ಪುಸ್ತಕವಾಗಿ ಊರಿನ ಅಂಗಡಿಗಳಲ್ಲೇ ಸಿಗುತ್ತದೆ. ಕೊಳ್ಳುವಾಗ ಅದು ಗ್ರೀನಿಚ್ ವೇಳೆಯಲ್ಲಿದೆಯೋ ಬೇಸಿಗೆ ವೇಳೆಯಲ್ಲಿದೆಯೋ ನೋಡಿ. ಗ್ರೀನಿಚ್ ಆದರೆ ಒಂದು ಗಂಟೆ ಕೂಡಿಸಬೇಕು. ಈ ಒಂದು ಗಂಟೆಯ ತಪ್ಪಿನಿಂದಲೂ ಜನ ಬಂಡೆಯ ಮೂಲೆ ಸುತ್ತಿ ಪಕ್ಕದ ಕೊಲ್ಲಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂಲೆ ಸುತ್ತುವುದಾದರೆ ನೀರು ಇಳಿಯುತ್ತಿರುವಾಗ ಮಾತ್ರ, ಪೂರ್ತಿ ಇಳಿತಕ್ಕೆ ಮುಂಚೆಯೇ ಹೊರಟು. ಸ್ವಾನ್‌ಸೀ ಪಕ್ಕದ ಗವರ್ ಪರ್ಯಾಯದ್ವೀಪದ ರೊಸ್ಸಿಲಿಯಲ್ಲಿ ವರ್ಮ್ಸ್ ಹೆಡ್ ಎಂಬ ದ್ವೀಪಕ್ಕೆ ಹೋಗುವ ಬಂಡೆದಾರಿ ಇಳಿತದ ಆಚೀಚೆ ಎರಡೂವರೆ ಗಂಟೆ ಮಾತ್ರ ತೆರೆದಿರುತ್ತದೆ. ಹೊತ್ತು ಮೀರಿದರೆ ಈಜಿ ಬರುತ್ತೇನೆ ಎನ್ನಬೇಡಿ, ಅತ್ತಲೇ ಉಳಿದು 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಪ್ರಶ್ನೆ: ಬಂದರಿನ ಕಟ್ಟೆಯ ಮೇಲೆ ಮಕ್ಕಳು ದಾರ ಇಳಿಬಿಟ್ಟು ಏಡಿ ಹಿಡಿಯುತ್ತಾರಂತೆ. ಹೇಗೆ? ನಮ್ಮ ಮಕ್ಕಳು ದಾರ ಎಳೆದಾಗಲೆಲ್ಲ ಏಡಿ ಕೈಬಿಡುತ್ತದೆ. (ಸ್ವಾನ್‌ಸೀ)

ಉತ್ತರ: ವೇಲ್ಸ್ ರಜೆಯ ಅತಿ ಅಗ್ಗದ, ಅತಿ ಹೆಚ್ಚು ಹೊತ್ತು ಹಿಡಿಯುವ ಸುಖ ಇದೇ. ನ್ಯೂ ಕೀ, ಅಬೆರೈರನ್, ಸೊಲ್ವಾ, ಟೆನ್‌ಬಿ ಎಲ್ಲೆಡೆ ನಡೆಯುತ್ತದೆ. ಸೊಲ್ವಾ, ಟೆನ್‌ಬಿ ಬಂದರುಗಳು ಇಳಿತದಲ್ಲಿ ಬರಿದಾಗುವುದರಿಂದ ಉಬ್ಬರದ ಆಚೀಚೆ ಎರಡು ಗಂಟೆಯೊಳಗೆ ಹೋಗಿ.

ಬೇಕಾಗುವುದು ಗಟ್ಟಿ ದಾರ, ತುದಿಗೊಂದು ಭಾರ, ಸಣ್ಣ ಬಲೆಚೀಲ, ಉದ್ದ ಹಿಡಿಯ ಕೈಬಲೆ, ಬಕೆಟ್ಟು. ಗಾಳ ಬೇಡ, ಏಡಿಗೂ ಪೆಟ್ಟು, ಮಕ್ಕಳ ಬೆರಳಿಗೂ ಪೆಟ್ಟು. ಅಲ್ಲಿನವರು ಬೇಕನ್ ಚೂರು ಹಾಕುತ್ತಾರೆ, ಮೀನಂಗಡಿಯ ಮೀನಿನ ತಲೆಯೂ ಆಗುತ್ತದೆ. ಬಲೆಚೀಲದಲ್ಲಿ ಕಟ್ಟಿ, ಭಾರ ನೆಲ ಮುಟ್ಟಿ ದಾರ ಸಡಿಲವಾಗುವವರೆಗೆ ಬಿಡಿ. ನಡುನೀರಿನಲ್ಲಿ ತೂಗಾಡಿದರೆ ಏನೂ ಬರುವುದಿಲ್ಲ. ಗೋಡೆಯ ಬುಡಕ್ಕೇ ಬಿಡಿ, ಅವು ಅಲ್ಲೇ ಸಂದಿನಲ್ಲಿರುತ್ತವೆ. ಎರಡು-ಮೂರು ನಿಮಿಷ ಕಾಯಿರಿ.

ಕೈಬಿಡುವುದಕ್ಕೆ ಕಾರಣವಿದೆ. ಏಡಿ ಕಚ್ಚಿಕೊಂಡಿರುವುದಿಲ್ಲ, ತಿನ್ನಲು ಹಿಡಿದುಕೊಂಡಿರುತ್ತದೆ ಅಷ್ಟೆ. ನೀರಿನೊಳಗೆ ಇರುವವರೆಗೆ ಬಿಡುವುದಿಲ್ಲ, ನೀರಿನ ಮೇಲ್ಮೈ ದಾಟಿದ ಕೂಡಲೇ ಬಿಡುತ್ತದೆ. ಆದ್ದರಿಂದ ಒಬ್ಬರು ಜಗ್ಗದೆ ಒಂದೇ ಸಮ ನಿಧಾನವಾಗಿ ಎಳೆಯಬೇಕು. ನೆರಳು ಕಾಣುತ್ತಿದ್ದಂತೆ ಇನ್ನೊಬ್ಬರು ಕೈಬಲೆಯನ್ನು ನೀರಿನೊಳಕ್ಕೇ ಅದ್ದಿ ಅಡಿಯಿಂದ ಎತ್ತಬೇಕು. ಕಟ್ಟೆ ಎತ್ತರವಾಗಿ ಬಲೆ ನೀರಿಗೆ ಎಟುಕದಿದ್ದರೆ ಮೆಟ್ಟಿಲಿರುವ ಜಾಗ ಹುಡುಕಿ. ಏಡಿಯನ್ನು ಹಿಂದಿನಿಂದ, ಚಿಪ್ಪಿನ ಎರಡು ಅಂಚಿಗೆ ಹೆಬ್ಬೆರಳು-ತೋರುಬೆರಳು ಕೊಟ್ಟು ಹಿಡಿಯಿರಿ. ಕೊಂಡಿ ಅಲ್ಲಿಗೆ ಬಾಗುವುದಿಲ್ಲ.

ಬಕೆಟ್ಟಿಗೆ ಸಮುದ್ರದ ನೀರನ್ನೇ ಹಾಕಿ, ಎರಡು ಕಲ್ಲು, ಒಂದು ಹಿಡಿ ಕಡಲಕಳೆ ಇಡಿ. ಐದಾರಕ್ಕಿಂತ ಹೆಚ್ಚು ಏಡಿ ಬೇಡ. ಇಕ್ಕಟ್ಟಾದರೆ ಕಾದಾಡಿ ಕಾಲು ಮುರಿದುಕೊಳ್ಳುತ್ತವೆ, ಬಿಸಿಲಿಗೆ ನೀರು ಬೆಚ್ಚಗಾದರೆ ಉಸಿರುಗಟ್ಟುತ್ತದೆ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ನೀರು ಬದಲಿಸಿ, ಬಕೆಟ್ಟು ನೆರಳಲ್ಲಿರಲಿ. ಬಿಡುವಾಗ ಕಟ್ಟೆಯಿಂದ ಸುರಿಯದೆ ಇಳಿಜಾರಿನ ಕೆಳಗೆ ಹೋಗಿ ನೀರಿನಂಚಿನಲ್ಲಿ ಬಕೆಟ್ಟು ಓರೆ ಮಾಡಿದರೆ ಅವು ಅಡ್ಡಡ್ಡ ಓಡುವ ಪಂದ್ಯವೂ ಮಕ್ಕಳಿಗೆ ಸಿಗುತ್ತದೆ. ಸಣ್ಣವರಿಗೆ ಲೈಫ್ ಜಾಕೆಟ್ ಹಾಕಿಯೇ ಕಟ್ಟೆಯಂಚಿಗೆ ಬಿಡಿ.

ಪ್ರಶ್ನೆ: ಕುಂದಾಪುರದ ಕಡಲ ಪಕ್ಕ ಬೆಳೆದವನು, ಈಜು ಚೆನ್ನಾಗಿ ಬರುತ್ತದೆ. ಆದರೂ ವೆಟ್‌ಸೂಟ್ ಬೇಕೇ ಬೇಕೆನ್ನುತ್ತಾರಲ್ಲ? (ಬ್ರಿಸ್ಟಲ್)

ಉತ್ತರ: ನಿಮಗೆ ಗೊತ್ತಿರುವ ನೀರು 28 ಡಿಗ್ರಿ ಆಸುಪಾಸಿನದು. ಅಲ್ಲಿ ಆಗಸ್ಟ್ ಕೊನೆಗೂ 16-17 ದಾಟುವುದು ಅಪರೂಪ. ಮೊದಲ ನಿಮಿಷದಲ್ಲಿ ಉಸಿರು ಏದುಸಿರಾಗುತ್ತದೆ, ಈಜು ಬಲ್ಲವರಿಗೂ ಅಪಾಯ ಆಗಲೇ. ಧುಮುಕದೆ ನಡೆದು ಇಳಿಯಿರಿ. ಮಕ್ಕಳಿಗೆ ಮೈಗೆ 3 ಮಿಲಿಮೀಟರ್, ಕೈಕಾಲಿಗೆ 2 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಸಾಕು. ಬೆಳೆಯುವ ಮಕ್ಕಳೆಂದು ಒಂದು ಸೈಜ್ ದೊಡ್ಡದು ತಂದರೆ ದುಡ್ಡು ದಂಡ: ಬೆನ್ನಿನ ಹಳ್ಳದಲ್ಲಿ ತಣ್ಣೀರು ತುಂಬಿ ಹರಿಯುತ್ತಲೇ ಇರುತ್ತದೆ, ಮೈಗಂಟಿ ನಿಂತ ನೀರು ಬೆಚ್ಚಗಾದರೆ ತಾನೇ ಉಪಯೋಗ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಕಾಲು ತೂರಿಸಿದರೆ ಸಲೀಸು. ಜಿಪ್ ಹೆಚ್ಚಾಗಿ ಇರುವುದು ಬೆನ್ನಿಗೆ. ಹೊಟ್ಟೆಯ ಕಡೆ ಹಾಕಿಕೊಂಡು ಒದ್ದಾಡುವವರು ಪ್ರತಿ ಬೀಚಿನಲ್ಲೂ ಇದ್ದಾರೆ. ಹತ್ತಿಯ ಚೂಡಿದಾರದಲ್ಲೇ ಇಳಿಯಬೇಡಿ, ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕೆಂಪು-ಹಳದಿ ಬಾವುಟಗಳ ನಡುವೆಯೇ ಈಜಿ. ಕರಿ-ಬಿಳಿ ಚೌಕದ ಬಾವುಟ ಸರ್ಫಿಂಗ್ ಹಲಗೆಯವರಿಗೆ. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ತುಂಬಿದ ಆಟಿಕೆಗಳನ್ನು ನೀರಿಗೆ ತರಲೇಬೇಡಿ. ನೆಲದಿಂದ ಬೀಸುವ ಗಾಳಿಗೆ ದಡದಲ್ಲಿ ನೀರು ಕೆರೆಯಂತೆ ಶಾಂತವಾಗಿರುತ್ತದೆ, ಮಗು ಕೂತ ರಬ್ಬರ್ ದೋಣಿ ಮಾತ್ರ ಐರ್ಲೆಂಡ್ ದಿಕ್ಕು ಹಿಡಿದಿರುತ್ತದೆ. ಸೆಳವಿಗೆ ಸಿಕ್ಕರೆ ಎದುರೀಜದೆ ಅಂಗಾತ ತೇಲಿ ಕೈ ಎತ್ತಿ.

ಇಳಿತದ ಮರಳಿನಲ್ಲಿ ಹೂತು ಕೂರುವ ವೀವರ್ ಎಂಬ ಸಣ್ಣ ಮೀನಿನ ಬೆನ್ನುಮುಳ್ಳು ಚುಚ್ಚಿದರೆ ದೊಡ್ಡವರೂ ಅಳುತ್ತಾರೆ. ಐಸ್ ಇಡಬೇಡಿ. ಅದರ ವಿಷ ಬಿಸಿಗೆ ಕೆಡುವಂಥದ್ದು. ತಡೆಯುವಷ್ಟು, ಸುಡದಷ್ಟು ಬಿಸಿ ನೀರಿನಲ್ಲಿ ಪಾದವನ್ನು ಅರ್ಧ ಗಂಟೆಯಾದರೂ ಇಡಿ. ಬಿಸಿಯನ್ನು ಚುಚ್ಚದ ಕಾಲಿನಲ್ಲಿ ಪರೀಕ್ಷಿಸಿ. ನೀರಿಗೆ ಹಾಕುವ ರಬ್ಬರ್ ಶೂ ಇದ್ದರೆ ಇದೆಲ್ಲ ಬೇಕಿಲ್ಲ.

ಪ್ರಶ್ನೆ: ಮಗಳ ಮನೆಗೆ ಬರುತ್ತಿದ್ದೇವೆ. ನನಗೆ ಮಂಡಿನೋವು, ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಅಲ್ಲಿ ನಮಗೇನಿದೆ? (ಮೈಸೂರು)

ಉತ್ತರ: ಚಿತ್ರಗಳಲ್ಲಿ ಎಲ್ಲರೂ ತೋರಿಸುವ ಬ್ಯಾರಫಂಡಲ್ ಕೊಲ್ಲಿ ನಿಮಗೆ ಬೇಡ. ಸ್ಟ್ಯಾಕ್‌ಪೋಲ್ ಕೀಯಲ್ಲಿ ಕಾರು ಬಿಟ್ಟು ಅರ್ಧ ಮೈಲಿ ಏರಿಳಿಯಬೇಕು, ಕೊನೆಗೆ ಮೆಟ್ಟಿಲು, ಬೀಚಿನಲ್ಲಿ ಶೌಚಾಲಯವೂ ಇಲ್ಲ. ಸಾಂಡರ್ಸ್‌ಫುಟ್‌ಗೆ ಹೋಗಿ. ಕಾರು ನಿಲ್ಲಿಸಿದಲ್ಲಿಂದ ಬೀಚು ಹತ್ತಿರ, ನೆಲ ಸಮತಟ್ಟು. ಹಳೆಯ ಕಲ್ಲಿದ್ದಲು ರೈಲಿನ ಹಾದಿ ಸುರಂಗಗಳ ಮೂಲಕ ಸಮುದ್ರದ ಪಕ್ಕದಲ್ಲೇ ವೈಸ್‌ಮನ್ಸ್ ಬ್ರಿಜ್‌ವರೆಗೆ ಹೋಗುತ್ತದೆ. ರೈಲಿನ ಹಾದಿಯಾದ್ದರಿಂದ ಏರೇ ಇಲ್ಲ. ಪೆಂಬ್ರೋಕ್‌ಶೈರ್‌ನ ಹಲವು ತೀರಗಳಲ್ಲಿ ಮರಳಿನ ಮೇಲೆ ಓಡುವ ದಪ್ಪ ಚಕ್ರದ ಗಾಲಿಕುರ್ಚಿಯೂ ಸಿಗುತ್ತದೆ, ಮಗಳಿಗೆ ಮುಂಚಿತವಾಗಿ ಬುಕ್ ಮಾಡಲು ಹೇಳಿ. ಜೂನ್ ಕೊನೆಗೆ ಬಂದರೆ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿ. ಊಟ ಮುಗಿಸಿ ಬೀಚಿಗೆ ಹೋಗುವ ಸುಖ ಮೈಸೂರಿನವರಿಗೆ ಹೊಸದು.

ಊಟದಲ್ಲಿ ಕೇಳಿ ತಿನ್ನಿ. ಆಲೂಗಡ್ಡೆ ಚಿಪ್ಸನ್ನು ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಚೀಸ್ ಸುರಿದ ಬ್ರೆಡ್ಡಾದ ವೆಲ್ಷ್ ರೇರ್‌ಬಿಟ್‌ಗೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ. ಹೆಸರು ಕೇಳಿ ಬೆಚ್ಚಬೇಡಿ, ಗ್ಲಾಮೋರ್ಗನ್ ಸಾಸೇಜ್ ಮಾಂಸದ್ದಲ್ಲ: ಚೀಸ್, ಲೀಕ್ ಸೊಪ್ಪು, ಬ್ರೆಡ್ ಪುಡಿ. ಕಟ್ಟಲು ಮೊಟ್ಟೆ ಹಾಕಿರುತ್ತಾರೆ, ಮೊಟ್ಟೆ ಬಿಟ್ಟವರಾದರೆ ಅದೂ ಬೇಡ.

ಮಳೆ ಹಿಡಿದ ಮಧ್ಯಾಹ್ನಕ್ಕೆ ವೆಲ್ಷ್ ಕೇಕ್ ನೀವೇ ಮಾಡಬಹುದು. ಅದನ್ನು ಅವನ್‌ನಲ್ಲಿ ಬೇಯಿಸುವುದಿಲ್ಲ, ನಮ್ಮ ಕಾವಲಿಯಂಥದ್ದೇ ದಪ್ಪ ಕಬ್ಬಿಣದ ಹಂಚಿನ ಮೇಲೆ ಸುಡುತ್ತಾರೆ. 225 ಗ್ರಾಂ ಮೈದಾ, 2 ಸಣ್ಣ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 110 ಗ್ರಾಂ ತಣ್ಣನೆಯ ಬೆಣ್ಣೆ ಸೇರಿಸಿ ಬೆರಳ ತುದಿಯಲ್ಲಿ ರವೆಯಂತೆ ಉದುರಾಗುವವರೆಗೆ ಉಜ್ಜಿ. 85 ಗ್ರಾಂ ಸಕ್ಕರೆ, 75 ಗ್ರಾಂ ಸಣ್ಣ ಕಪ್ಪು ಒಣದ್ರಾಕ್ಷಿ, ಜಾಯಿಕಾಯಿ-ಚಕ್ಕೆ ಪುಡಿ ಅರ್ಧ ಚಮಚ. ಅಲ್ಲಿ ಒಂದು ಮೊಟ್ಟೆ ಹಾಕುತ್ತಾರೆ, ನೀವು ಮೂರು-ನಾಲ್ಕು ದೊಡ್ಡ ಚಮಚ ಹಾಲು ಹಾಕಿ ಒಟ್ಟುಗೂಡಿಸಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದಿದರೆ ಗಟ್ಟಿಯಾಗುತ್ತದೆ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ, ದೋಸೆಗಿಂತ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಮೂರು ನಿಮಿಷ. ಉರಿ ಜೋರಾದರೆ ಸಕ್ಕರೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಬಿಸಿಯಿದ್ದಾಗಲೇ ಸಕ್ಕರೆ ಉದುರಿಸಿ. ಅಂಗಡಿಯದು ಕೊಳ್ಳುವುದಾದರೆ ಹಂದಿಕೊಬ್ಬು ಹಾಕಿದ್ದಾರೆಯೇ ಕೇಳಿ, ಹಳೆಯ ಪದ್ಧತಿ ಅದು.

ಪ್ರಶ್ನೆ: ಕಾಟೇಜಿನಲ್ಲಿ ಅಡುಗೆಗೆ ಏನೇನು ಒಯ್ಯಬೇಕು? (ಸ್ಲೌ)

ಉತ್ತರ: ಮೊದಲು ಒಲೆ ಯಾವುದೆಂದು ಕೇಳಿ. ಇಂಡಕ್ಷನ್ ಆದರೆ ಅಲ್ಯುಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ತಳಕ್ಕೆ ಅಯಸ್ಕಾಂತ ಅಂಟಿದರೆ ಆಗುತ್ತದೆ. ಕರಿಬೇವನ್ನು ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಒಯ್ಯಿರಿ. ಒಗ್ಗರಣೆಗೆ ಮುಂಚೆ ಕಿಟಕಿ ತೆರೆದು ಅಡುಗೆಮನೆ ಬಾಗಿಲು ಮುಚ್ಚಿ, ಇಲ್ಲದಿದ್ದರೆ ಹೊಗೆಯ ಅಲಾರಂ ಊರೆಲ್ಲ ಎಬ್ಬಿಸುತ್ತದೆ. ಹಳ್ಳಿಮನೆಗಳಿಗೆ ಹೆಚ್ಚಾಗಿ ಸೆಪ್ಟಿಕ್ ಟ್ಯಾಂಕ್ ಇರುವುದರಿಂದ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಸ್ಕೋಮರ್ ದ್ವೀಪದಲ್ಲಿ ಪಫಿನ್ ಹಕ್ಕಿ ಕಾಣಬಹುದೆ? (ಲೆಸ್ಟರ್)

ಉತ್ತರ: ಇಲ್ಲ. ಏಪ್ರಿಲ್‌ನಲ್ಲಿ ಬಂದು ಜುಲೈ ಕೊನೆಗೆ ಸಮುದ್ರಕ್ಕೆ ಹೊರಟುಬಿಡುತ್ತವೆ, ಶಾಲೆಯ ದೊಡ್ಡ ರಜೆ ಶುರುವಾಗುವುದೂ ಆಗಲೇ. ಮೇ ಕೊನೆಯ ಒಂದು ವಾರದ ರಜೆಗೆ ಹೋಗಿ, ದೋಣಿಯ ಸೀಟು ತಿಂಗಳುಗಳ ಮುಂಚೆಯೇ ಹಿಡಿಯಿರಿ. ಆಗಸ್ಟೇ ಆದರೆ ನ್ಯೂ ಕೀ ಅಥವಾ ಮುಂಟ್‌ಗೆ ಹೋಗಿ. ಕಾರ್ಡಿಗನ್ ಕೊಲ್ಲಿಯ ಡಾಲ್ಫಿನ್‌ಗಳು ದೋಣಿ ಹತ್ತದೆಯೂ, ದಡದ ದಿಬ್ಬದಿಂದಲೇ ಕಾಣುತ್ತವೆ. ಅಲೆ ಇಲ್ಲದ ದಿನ, ಹಕ್ಕಿಗಳು ಒಂದೇ ಕಡೆ ಎರಗುತ್ತಿರುವ ಜಾಗದ ಮೇಲೆ ಕಣ್ಣಿಟ್ಟು ಕೂರಿ.