‘40 ದಿನ ಆಯ್ತು, ಮನಸ್ಸು ನಿಲ್ತಿಲ್ಲ’

ಪ್ರಶ್ನೆ: ಬೀದರಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ ಬಂದ ಮೇಲೆ ಸಿಖ್ಖರ ಪ್ರಾರ್ಥನೆ ಸುಖಮನಿ ಸಾಹಿಬ್ ಓದಲು ಶುರು ಮಾಡಿದೆ. ಕನ್ನಡದಲ್ಲಿ ಬರೆದುಕೊಂಡು ದಿನಾ ಪೂರ್ತಿ ಓದುತ್ತೇನೆ. 40 ದಿನ ಆಯ್ತು. ಆದರೂ ಆಫೀಸಿನಲ್ಲಿ ಯಾರಾದರೂ ಒಂದು ಮಾತು ಅಂದರೆ ರಾತ್ರಿಯೆಲ್ಲ ಅದೇ ಕೊರೆಯುತ್ತದೆ. ಇನ್ನೂ ಎಷ್ಟು ದಿನ ಓದಬೇಕು?

ಉತ್ತರ: ಈ ‘ಎಷ್ಟು ದಿನ’ ಕೇಳಿ ಕೇಳಿ ಸಾಕಾಗಿದೆ. 40 ಅಂತ ನಿಮಗೆ ಯಾರು ಹೇಳಿದರು? ಸುಖಮನಿಯಲ್ಲಿ 24 ಅಷ್ಟಪದಿ, ಒಂದೊಂದರಲ್ಲಿ 8 ಪದ್ಯ. ಅದನ್ನು ಬರೆದ ಐದನೇ ಸಿಖ್ ಗುರು ಅರ್ಜನ್ ದೇವ್ ಕೊಟ್ಟ ಲೆಕ್ಕ ಅಷ್ಟೇ. ದಿನದ ಲೆಕ್ಕ ಅವರದಲ್ಲ.

ಮೊದಲ ಅಷ್ಟಪದಿಯಲ್ಲಿ ‘ರಹಾಉ’ ಎಂಬ ಗುರುತು ಇದೆ, ಗಮನಿಸಿದ್ದೀರಾ? ಇಡೀ ಸುಖಮನಿಯಲ್ಲಿ ಅದು ಒಂದೇ ಸಲ ಬರುತ್ತದೆ. ‘ನಿಲ್ಲು’ ಅಂತ ಅರ್ಥ. ತಿರುಳೆಲ್ಲ ಆ ಸಾಲಿನಲ್ಲಿದೆ: ದೇವರ ನಾಮವೇ ಸುಖದ ಅಮೃತ, ಅದರ ನೆಲೆ ಭಕ್ತರ ಮನಸ್ಸು. ನನ್ನ ಪಾಠಕ್ಕೆ ಬರುವವರು ಸರಿಯಾಗಿ ಅಲ್ಲೇ ನಿಲ್ಲದೆ ಓಡುತ್ತಾರೆ! ಕೊನೆಯ ಬಸ್ಸು ಹಿಡಿಯುವವರ ಹಾಗೆ. ದಿನಕ್ಕೆ ಒಂದೇ ಅಷ್ಟಪದಿ ಓದಿ. ಅರ್ಥ ತಿಳಿದು ಓದಿ.

ಇನ್ನು ಆಫೀಸಿನ ಮಾತು. 8ನೇ ಅಷ್ಟಪದಿ ತೆಗೆಯಿರಿ. ಬ್ರಹ್ಮಜ್ಞಾನಿಯ ತಾಳ್ಮೆ ನೆಲದ ಹಾಗೆ ಅಂತ ಬರುತ್ತದೆ. ಒಬ್ಬ ಅಗೆಯುತ್ತಾನೆ, ಇನ್ನೊಬ್ಬ ಗಂಧ ಬಳಿಯುತ್ತಾನೆ, ನೆಲ ಎರಡಕ್ಕೂ ಹಾಗೇ ಇರುತ್ತದೆ. ನೀವು ಅಗೆದವರನ್ನು ಮಾತ್ರ ನೆನಪಿಟ್ಟಿದ್ದೀರಿ. ಗಂಧ ಬಳಿದ ದಿನ, ಅಂದರೆ ಬಾಸ್ ಹೊಗಳಿದ ದಿನ, ಎಷ್ಟು ಎತ್ತರ ಹಾರಿದಿರಿ ಅದನ್ನೂ ನೋಡಿ. ಎರಡಕ್ಕೂ ಬೇರು ಒಂದೇ, ‘ಹೌಮೈ’. ನಾನು, ನಾನು ಅನ್ನುವುದು.

ಅದು ಸುಮ್ನೆ ಕೂತು ಓದಿದರೆ ಕರಗುವುದಿಲ್ಲ. ಸೇವೆ ಇರುವುದೇ ಅದಕ್ಕೆ. ಭಾನುವಾರ ಗುರುದ್ವಾರದ ಜೋಡಾ ಘರ್‌ನಲ್ಲಿ ಎರಡು ಗಂಟೆ ಬಂದವರ ಚಪ್ಪಲಿ ಎತ್ತಿಡಿ. ಇಲ್ಲವೇ ಲಂಗರಿನಲ್ಲಿ, ಅಂದರೆ ಅಲ್ಲಿನ ದಾಸೋಹದಲ್ಲಿ, ಪಾತ್ರೆ ತಿಕ್ಕಿ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದಿರೋ, ಅದು ಸೇವೆ ಅಲ್ಲ, ಮತ್ತೆ ಗಂಧ.

ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ ಮೊದಲು ಡಾಕ್ಟರನ್ನು ನೋಡಿ. ‘ನಾಮ ಸಾಕು’ ಅಂತ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದ ಒಬ್ಬರನ್ನು ಕಂಡಿದ್ದೇನೆ. ಆವತ್ತಿನಿಂದ ಈ ಮಾತು ಹೇಳದೆ ನಾನು ಪಾಠ ಶುರು ಮಾಡುವುದಿಲ್ಲ.

ಪ್ರಶ್ನೆ: ನನ್ನ ರಾಶಿಗೆ ಹೊಂದುವ ಶಬದ್ (ಗುರುವಾಣಿಯ ಪದ್ಯ) ಕೊಡುತ್ತೇನೆ ಅಂತ ಒಬ್ಬರು ಫೋನಿನಲ್ಲಿ 5,100 ರೂಪಾಯಿ ಕೇಳುತ್ತಿದ್ದಾರೆ.

ಉತ್ತರ: ನಂಬರ್ ಬ್ಲಾಕ್ ಮಾಡಿ. ತಿಥಿ ವಾರ ನೋಡುವವರನ್ನೇ ಮೂರನೇ ಸಿಖ್ ಗುರು ಅಮರ್ ದಾಸ್ ಮೂಢರು ಅಂದಿದ್ದಾರೆ, ಇನ್ನು ರಾಶಿ ಎಲ್ಲಿಂದ ಬಂತು? ಆ ದುಡ್ಡಿಗೆ ಲಂಗರಿಗೆ ಬೇಳೆ ಕೊಡಿಸಿ.

ಪ್ರಶ್ನೆ: ಸಿಖ್ಖರಲ್ಲದವರು ಓದಬಹುದಾ?

ಉತ್ತರ: ನೇಕಾರ ಕಬೀರ, ಚಮ್ಮಾರ ರವಿದಾಸ, ಸಿಂಪಿಗ ನಾಮದೇವ, ಶೇಖ್ ಫರೀದ್ ಎಲ್ಲರ ಪದಗಳೂ ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನ ಒಳಗಿವೆ. ನಿಮ್ಮನ್ನು ಯಾರು ತಡೆಯುತ್ತಾರೆ?

ಪ್ರಶ್ನೆ: ಕೆಲಸ ಬಿಟ್ಟು ಹಿಮಾಲಯದ ಹೇಮಕುಂಡ ಗುರುದ್ವಾರಕ್ಕೆ ಹೋಗಿ ಧ್ಯಾನ ಮಾಡಲೇ?

ಉತ್ತರ: ರಜೆ ಹಾಕಿ ಹೋಗಿ ಬನ್ನಿ, ರಾಜೀನಾಮೆ ಬೇಡ. ಅಷ್ಟು ಸುತ್ತಾಡಿದ ನಾನಕರೇ ಕೊನೆಗೆ ಕರ್ತಾರ್‌ಪುರದಲ್ಲಿ ಹೊಲ ಉತ್ತರು. ಚಳಿಗಾಲದಲ್ಲಂತೂ ಹೇಮಕುಂಡದ ಬಾಗಿಲೇ ಹಾಕಿರುತ್ತದೆ.