ನಗಿಸುವವನ ಕಥೆ ಮಕ್ಕಳಿಗೆ ಬೇಡವೇ?

ಓದುಗರ ಪತ್ರ: ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಅಮೆರಿಕದ ಹಾಸ್ಯನಟ, ನಿರ್ದೇಶಕ ಜೀನ್ ವೈಲ್ಡರ್ ಬಗ್ಗೆ ಬರೆದಿದ್ದೀರಿ. ಒಬ್ಬ ವಿಜ್ಞಾನಿ ಸಿಗಲಿಲ್ಲವೇ? ಆತ ಯೆಹೂದಿ ಎಂದು ಮಕ್ಕಳಿಗೆ ಹೇಳುವ ಅಗತ್ಯವೇನಿತ್ತು? ಅದನ್ನು ಓದಿದ ನನ್ನ ಮೊಮ್ಮಗ ನನ್ನ ಊರುಗೋಲು ಹಿಡಿದು ಕುಂಟುತ್ತಾ ಬಂದು ನಡುಮನೆಯಲ್ಲಿ ಲಾಗ ಹೊಡೆಯುತ್ತಿದ್ದಾನೆ.
– ನಿವೃತ್ತ ಶಿಕ್ಷಕರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮೇಷ್ಟ್ರೇ, ನಮಸ್ಕಾರ. ಮಕ್ಕಳು ವಿಜ್ಞಾನಿಗಳ ಬಗ್ಗೆ ಓದಬೇಕು, ಒಪ್ಪಿದೆ. ನಮ್ಮ ಪುಟದಲ್ಲಿ ಅವರು ಬರುತ್ತಲೇ ಇರುತ್ತಾರೆ. ಆದರೆ ನಗಿಸುವವರು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವುದನ್ನು ನಾನು ಒಪ್ಪಲಾರೆ.

ವೈಲ್ಡರ್ ಹುಟ್ಟಿದ್ದು 1933ರಲ್ಲಿ, ಮಿಲ್ವಾಕಿಯಲ್ಲಿ. ಮನೆಯವರು ಇಟ್ಟ ಹೆಸರು ಜೆರೋಮ್ ಸಿಲ್ಬರ್‌ಮನ್. ಎಂಟು ವರ್ಷವಿದ್ದಾಗ ತಾಯಿಗೆ ಹೃದಯದ ಕಾಯಿಲೆ ಬಂತು. ಡಾಕ್ಟರು ಹುಡುಗನನ್ನು ಹತ್ತಿರ ಕರೆದು, ಅಮ್ಮನ ಮೇಲೆ ಸಿಟ್ಟು ಮಾಡಬೇಡ, ಅವರನ್ನು ನಗಿಸಲು ನೋಡು ಅಂದರಂತೆ. ಬೇರೆ ಮಕ್ಕಳು ಅಂಗಡಿಯಿಂದ ಔಷಧಿ ತಂದುಕೊಟ್ಟ ಹಾಗೆ ಈ ಹುಡುಗ ಅಮ್ಮನಿಗೆ ನಗು ತಂದುಕೊಟ್ಟ. ಇದು ಮಕ್ಕಳು ಓದಬೇಕಾದ ಕಥೆ ಅಲ್ವಾ?

ಯೆಹೂದಿ ಅನ್ನುವುದನ್ನು ಬಿಟ್ಟರೆ ಕಥೆ ಅರ್ಧ ಹೋಗುತ್ತದೆ, ಮೇಷ್ಟ್ರೇ. ಹದಿಮೂರರ ಸುಮಾರಿಗೆ ಅವನನ್ನು ದೂರದ ಸೈನಿಕ ಶಾಲೆಗೆ ಕಳಿಸಿದರು. ಅಲ್ಲಿದ್ದ ಯೆಹೂದಿ ಹುಡುಗ ಅವನೊಬ್ಬನೇ. ಅದಕ್ಕೇ ಏಟು ತಿಂದ. ಯುರೋಪಿನಲ್ಲಿ ಹಿಟ್ಲರನ ಆಳ್ವಿಕೆ ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದ ದಶಕ ಅದು. ಮುಂದೆ 1967ರಲ್ಲಿ ಇನ್ನೊಬ್ಬ ಯೆಹೂದಿ, ಮೆಲ್ ಬ್ರೂಕ್ಸ್, ‘ದ ಪ್ರೊಡ್ಯೂಸರ್ಸ್’ ಚಿತ್ರ ಮಾಡಿ ಹಿಟ್ಲರನನ್ನೇ ನಗೆಪಾಟಲು ಮಾಡಿದರು. ಅದರಲ್ಲಿ ಪುಕ್ಕಲು ಲೆಕ್ಕಿಗನಾಗಿ ನಟಿಸಿದವರು ವೈಲ್ಡರ್. ಆಸ್ಕರ್‌ಗೆ ಹೆಸರು ಸೂಚನೆಯಾಯಿತು. ಏಟು ತಿಂದವರು ಹೀಗೂ ಉತ್ತರ ಕೊಡಬಹುದು ಅಂತ ಹತ್ತು ವರ್ಷದ ಮಗುವಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಈಗ ನಿಮ್ಮ ಮೊಮ್ಮಗನ ಲಾಗಕ್ಕೆ ಬರೋಣ. 1971ರ ‘ವಿಲ್ಲಿ ವೊಂಕಾ’ ಚಿತ್ರದಲ್ಲಿ ಚಾಕೊಲೇಟ್ ಕಾರ್ಖಾನೆಯ ಒಡೆಯ ವೊಂಕಾನ ಪಾತ್ರಕ್ಕೆ ಕರೆದಾಗ ವೈಲ್ಡರ್ ಒಂದು ಷರತ್ತು ಹಾಕಿದರು. ಮೊದಲ ದೃಶ್ಯದಲ್ಲಿ ನಾನು ಕೋಲೂರಿ ಕುಂಟುತ್ತಾ ಬರಬೇಕು. ಜನ ಮೌನವಾಗಬೇಕು. ಕೋಲು ಕಲ್ಲುಹಾಸಿನಲ್ಲಿ ಸಿಕ್ಕಿ ಅಲ್ಲೇ ನಿಲ್ಲಬೇಕು. ನಾನು ಮುಂದಕ್ಕೆ ಬೀಳುತ್ತಾ ಲಾಗ ಹೊಡೆದು ಎದ್ದು ನಿಲ್ಲಬೇಕು. ಯಾಕೆ ಅಂತ ನಿರ್ದೇಶಕರು ಕೇಳಿದರು. ಅಲ್ಲಿಂದ ಮುಂದೆ ನಾನು ಹೇಳುವುದು ನಿಜವೋ ಸುಳ್ಳೋ ಯಾರಿಗೂ ಗೊತ್ತಾಗುವುದಿಲ್ಲ ಅಂದರು. ಒಂದು ಲಾಗದ ಹಿಂದೆ ಇಷ್ಟು ಯೋಚನೆ! ಸುಮ್ನೆ ಬಿದ್ದು ಎದ್ದದ್ದಲ್ಲ ಅದು. 1974ರ ‘ಯಂಗ್ ಫ್ರಾಂಕೆನ್‌ಸ್ಟೈನ್’ ಕಥೆಯ ಮೊದಲ ಹೊಳಹೂ ಅವರದೇ. ಅದರಲ್ಲಿ ವಿಜ್ಞಾನಿ ಮತ್ತು ಅವನು ಸೃಷ್ಟಿಸಿದ ಜೀವಿ ಜೋಡಿಯಾಗಿ ಕುಣಿಯುವ ದೃಶ್ಯವನ್ನು ನಿರ್ದೇಶಕ ಬ್ರೂಕ್ಸ್ ಬೇಡವೆಂದಾಗ ವೈಲ್ಡರ್ ಪಟ್ಟು ಹಿಡಿದು ವಾದಿಸಿ ಉಳಿಸಿಕೊಂಡರು. ಮರುವರ್ಷದಿಂದ ಚಿತ್ರಗಳನ್ನು ತಾವೇ ನಿರ್ದೇಶಿಸಿದರು.

ನನ್ನ ಸಂಕಟ ಬೇರೆಯೇ ಇದೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ ‘ನನ್ನ ಮೆಚ್ಚಿನ ವ್ಯಕ್ತಿ’. ಬಂದ ಮಕ್ಕಳೆಲ್ಲ ಅದೇ ನಾಲ್ಕೈದು ಮಹಾಪುರುಷರನ್ನು ಬಾಯಿಪಾಠ ಒಪ್ಪಿಸಿದರು. ಒಬ್ಬ ಹುಡುಗ ನಡುವೆ ಮರೆತು ಅಳುತ್ತಾ ಇಳಿದುಹೋದ. ಆಮೇಲೆ ಕಾರಿಡಾರಿನಲ್ಲಿ ಅವನೇ ನರಸಿಂಹರಾಜು ಥರ ಮಾತಾಡಿ ಗೆಳೆಯರನ್ನು ನಗಿಸುತ್ತಿದ್ದ. ಇವರ ಬಗ್ಗೆಯೇ ಮಾತಾಡಬಹುದಿತ್ತಲ್ಲ ಅಂದೆ. ‘ಟೀಚರ್ ದೊಡ್ಡವರನ್ನ ಆರಿಸ್ಕೋ ಅಂದ್ರು ಸಾರ್’ ಅಂದ. ನಮ್ಮ ಮಕ್ಕಳ ಪುಸ್ತಕಗಳೂ ಅದನ್ನೇ ಹೇಳುತ್ತಿವೆ. ನಗಿಸಿದವರಿಗೆ ಅಲ್ಲಿ ಜಾಗವೇ ಇಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ವೈಲ್ಡರ್ 2016ರಲ್ಲಿ ತೀರಿಕೊಂಡರು. ಅವರಿಗೆ ಆಲ್ಜೈಮರ್ ಎಂಬ ಮರೆವಿನ ಕಾಯಿಲೆ ಇತ್ತೆಂದು ಮನೆಯವರು ಹೇಳಿದ್ದು ಆಮೇಲೆಯೇ. ಪುಟ್ಟ ಮಕ್ಕಳು ಅವರನ್ನು ಕಂಡೊಡನೆ ‘ವಿಲ್ಲಿ ವೊಂಕಾ!’ ಅಂತ ಕೂಗುತ್ತಿದ್ದರು. ಆ ಮಕ್ಕಳ ಮುಂದೆ ದೊಡ್ಡವರು ಕಾಯಿಲೆಯ ಮಾತೆತ್ತಿದರೆ ಲೋಕದಲ್ಲಿ ಒಂದು ನಗು ಕಡಿಮೆಯಾಗುತ್ತದೆ ಅನ್ನುವುದು ವೈಲ್ಡರ್‌ಗೆ ಸಹಿಸಲಾಗದ ಮಾತಾಗಿತ್ತಂತೆ.

ಮೇಷ್ಟ್ರೇ, ನಿಮ್ಮ ಮೊಮ್ಮಗ ಬರೀ ಲಾಗ ಹೊಡೆಯುತ್ತಿಲ್ಲ. ಮೊದಲು ಕುಂಟುತ್ತಾನೆ ಅಂತ ನೀವೇ ಬರೆದಿದ್ದೀರಿ. ಅಂದರೆ ಅವನು ಪುಟವನ್ನು ಸರಿಯಾಗಿಯೇ ಓದಿದ್ದಾನೆ. ನಡುಮನೆಯಲ್ಲಿ ದಪ್ಪನೆಯ ಜಮಖಾನ ಒಂದನ್ನು ಹಾಸಿಕೊಡಿ.